50 ಕಿಲೋಮೀಟರ್ ದಾಟಿದರೆ ಅಂಗಾಲು ಉರಿ, ಯಾವ ಶೂ ತಗೊಳ್ಳಲಿ?

ಪ್ರಶ್ನೆ: ಗೋವಾದ ಐರನ್‌ಮ್ಯಾನ್ 70.3 ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಒಂದರ ಹಿಂದೊಂದು ಬರುವ ಸ್ಪರ್ಧೆ) ತಯಾರಿ ನಡೆಸಿದ್ದೇನೆ. ವಾರಕ್ಕೊಮ್ಮೆ 90 ಕಿಲೋಮೀಟರ್ ಸೈಕಲ್ ತುಳಿಯುತ್ತೇನೆ. 50 ದಾಟುತ್ತಿದ್ದಂತೆ ಬೆರಳುಗಳ ಬುಡದಲ್ಲಿ ಕೆಂಡ ತುಳಿದ ಹಾಗೆ ಉರಿ. ಈಗಿರುವುದು ಮಾಮೂಲಿ ರೋಡ್ ಶೂ. ಗಾಳಿಯಾಡುವ ಟ್ರಯಥ್ಲಾನ್ ಶೂ ತಗೊಂಡರೆ ಸರಿಹೋಗುತ್ತಾ? ಕಾರ್ಬನ್ ಸೋಲೇ ಬೇಕಾ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ದುಡ್ಡು ಎಣಿಸುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಸಲ ಉರಿ ಶುರುವಾದಾಗ ನಿಂತು, ಶೂ ಸಡಿಲ ಮಾಡಿ, ಮತ್ತೆ ತುಳಿಯಿರಿ. ಹತ್ತು ಕಿಲೋಮೀಟರ್ ಹೋದರೂ ಉರಿ ವಾಪಸ್ ಬರದಿದ್ದರೆ ಬಿಸಿಲನ್ನು ಬೈಯಬೇಡಿ, ಶೂ ಬಿಗಿಯಾಗಿದೆ ಅಷ್ಟೇ. ಸೆಕೆಗೆ ಪಾದ ಊದಿಕೊಳ್ಳುತ್ತದೆ, ಶೂ ಮಾತ್ರ ಹಿಗ್ಗುವುದಿಲ್ಲ, ಬೆರಳಿನ ಬುಡದ ಮೂಳೆಗಳ ನಡುವೆ ಇರುವ ನರ ಅದುಮಿ ಉರಿಯುತ್ತದೆ.

ಬೆಳಗ್ಗೆ ಏಸಿ ಅಂಗಡಿಯಲ್ಲಿ ಹಾಕಿ ನೋಡಿ ತಂದ ಶೂ ಬಳ್ಳಾರಿ ಮಧ್ಯಾಹ್ನಕ್ಕೆ ಹಿಡಿಸುತ್ತದಾ ಹೇಳಿ! ಸಂಜೆ ಹೊತ್ತು ಕಾಗದದ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲ್ ಎಳೆಯಿರಿ. ಶೂ ಒಳಗಿನ ಇನ್‌ಸೋಲ್ ತೆಗೆದು ಆ ಚಿತ್ರದ ಮೇಲಿಡಿ. ಕಿರುಬೆರಳಿನ ಕಡೆ ಗೆರೆ ಆಚೆ ಇಣುಕಿದರೆ ಆ ಶೂ ನಿಮ್ಮದಲ್ಲ. ದೊಡ್ಡ ನಂಬರ್ ತಗೊಳ್ಳುವುದಕ್ಕಿಂತ ಅಗಲದ ಮಾದರಿ ಹುಡುಕಿ, ಉದ್ದ ಜಾಸ್ತಿಯಾದರೆ ಹಿಮ್ಮಡಿ ಜಾರುತ್ತದೆ.

ಇನ್ನೊಂದು, ಕ್ಲೀಟ್, ಅಂದರೆ ಶೂ ಅಡಿಯಲ್ಲಿ ಪೆಡಲ್ಲಿಗೆ ಸಿಕ್ಕಿಕೊಳ್ಳುವ ತುಂಡು. ಈಗಿರುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿಕೊಂಡು 3-4 ಮಿಲಿಮೀಟರ್ ಹಿಮ್ಮಡಿ ಕಡೆಗೆ ಸರಿಸಿ. ಸೀಟು ಎತ್ತರ ಅನ್ನಿಸಿದರೆ ಒಂದು ಚೂರು ಇಳಿಸಿ. ಎಷ್ಟೋ ಜನರ ಉರಿ ಇಷ್ಟಕ್ಕೇ ನಿಂತುಬಿಡುತ್ತದೆ, ಖರ್ಚೂ ಇಲ್ಲ.

ಇಷ್ಟಾದ ಮೇಲೂ ಟ್ರಯಥ್ಲಾನ್ ಶೂ ಬೇಕೆಂದರೆ ಧಾರಾಳವಾಗಿ ತಗೊಳ್ಳಿ. ಗೋವಾದಲ್ಲಿ 1.9 ಕಿಲೋಮೀಟರ್ ಸಮುದ್ರದಲ್ಲಿ ಈಜಿ ಒದ್ದೆ ಕಾಲಲ್ಲಿ ಬರುತ್ತೀರಿ, ಆಗ ಜಾಲರಿ ಬಟ್ಟೆ, ನೀರು ಇಳಿಯಲು ಅಡಿಯಲ್ಲಿ ತೂತು, ಹಿಂದೆ ಎಳೆದುಕೊಳ್ಳಲು ಕುಣಿಕೆ, ಎಲ್ಲಾ ಉಪಯೋಗಕ್ಕೆ ಬರುತ್ತವೆ. ಆದರೆ ಒಂದೇ ಅಗಲ ಪಟ್ಟಿಯದ್ದು ಬೇಡ. ಎರಡು ಪಟ್ಟಿ ಇದ್ದರೆ ಮೇಲಿನದನ್ನು ಬಿಗಿಯಾಗಿಟ್ಟು ಬೆರಳ ಕಡೆಯದ್ದನ್ನು ದಾರಿಯಲ್ಲೇ ಸಡಿಲ ಮಾಡಬಹುದು. ಸೋಲ್ ನೈಲಾನ್ ಆದರೂ ನಡೆಯುತ್ತದೆ. ಕಾರ್ಬನ್ ಹಗುರ, ಗಡಸು, ಆದರೆ ಉರಿಗೆ ಮದ್ದಲ್ಲ. ನಿಮ್ಮ ಪೆಡಲ್ಲಿಗೆ ಮೂರು ತೂತಿನ ಕ್ಲೀಟೋ ಎರಡು ತೂತಿನದ್ದೋ ನೋಡಿಕೊಂಡೇ ಕೊಳ್ಳಿ.

ಶೂಗಳನ್ನು ಪೆಡಲ್ಲಿಗೇ ಸಿಕ್ಕಿಸಿ, ರಬ್ಬರ್ ಬ್ಯಾಂಡ್ ಕಟ್ಟಿ, ಓಡುತ್ತಾ ಹತ್ತುವ ಸರ್ಕಸ್ ಸದ್ಯಕ್ಕೆ ಬಿಡಿ. ನಾನು ಮಾಡಲು ಹೋಗಿ ಮೊಣಕೈ ಕೆರೆದುಕೊಂಡೆ, ಉಳಿಸಲು ಹೋಗಿದ್ದು ಕೆಲವೇ ಸೆಕೆಂಡು. ತೆಳು ಸಾಕ್ಸ್ ಹಾಕಿಕೊಳ್ಳಿ, ಮುಂದೆ 21.1 ಕಿಲೋಮೀಟರ್ ಓಟವೂ ಇದೆ ಅಲ್ವಾ? ತಲೆಗೆ ಸುರಿದುಕೊಂಡ ನೀರು ಕೊನೆಗೆ ಶೂ ಒಳಗೇ ಇಳಿಯುವುದು, ನೆನೆದ ಚರ್ಮಕ್ಕೆ ಬೇಗ ಬೊಬ್ಬೆ ಬರುತ್ತದೆ. ಕುತ್ತಿಗೆಗೆ ಹಾಕಿಕೊಳ್ಳಿ ಸಾಕು.

ಶೂ ಬಿಚ್ಚಿದ ಮಾರನೇ ದಿನವೂ ಜೋಮು ಉಳಿದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಬೆವರಿಗೆ ನೆನೆದ ಸೈಕಲ್ ಶೂ ಒಣಗುವುದೇ ಇಲ್ಲ. ವಾಸನೆ ಬೇರೆ. ಏನು ಮಾಡಲಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ಇನ್‌ಸೋಲ್ ಹೊರಗೆ ತೆಗೆಯಿರಿ. ಹಳೇ ಪೇಪರ್ ಮುದುರಿ ಬೆರಳ ತುದಿವರೆಗೂ ತುರುಕಿ, ಒಂದು ಗಂಟೆ ಬಿಟ್ಟು ಬೇರೆ ಪೇಪರ್ ಹಾಕಿ, ಫ್ಯಾನ್ ಕೆಳಗಿಡಿ. ಸುಡು ಬಿಸಿಲಲ್ಲಿಟ್ಟರೆ ಅಂಟು ಬಿಡುತ್ತದೆ.