ಮೆಸ್ಸಿ ಆಡುವ ಲೀಗು ಯುರೋಪಿಗೆ ಸಮವೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಲಯೊನೆಲ್ ಮೆಸ್ಸಿ 2023ರ ಜುಲೈನಲ್ಲಿ ಇಂಟರ್ ಮಯಾಮಿ ಸೇರಿದ ಮೇಲೆ ಅಮೆರಿಕದ ಮೇಜರ್ ಲೀಗ್ ಸಾಕರ್, ಅಂದರೆ ಎಂಎಲ್ಎಸ್, ನಮ್ಮ ಕಡೆಯೂ ಮಾತಿಗೆ ಬಂದಿದೆ. ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಇಂಟರ್ ಮಯಾಮಿ ಪೋರ್ಚುಗಲ್ಲಿನ ಪೋರ್ಟೊ ತಂಡವನ್ನೇ ಸೋಲಿಸಿತಲ್ಲ? ಹಾಗಿದ್ದರೆ ಎಂಎಲ್ಎಸ್ ಯುರೋಪಿನ ಯಾವ ಲೀಗಿಗೆ ಸಮ?
– ಓದುಗರೊಬ್ಬರು, ಮಂಗಳೂರು

ಒಂದು ಲೀಗಿನ ಹೆಸರು ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. 2025ರ ಕ್ಲಬ್ ವಿಶ್ವಕಪ್ಪನ್ನು ಪೂರ್ತಿಯಾಗಿ ನೋಡಿ. ಜೂನ್ 19ರಂದು ಅಟ್ಲಾಂಟಾದಲ್ಲಿ ಮಯಾಮಿ 2–1ರಿಂದ ಪೋರ್ಟೊವನ್ನು ಸೋಲಿಸಿದ್ದು ನಿಜ, ಗೆಲುವಿನ ಗೋಲು ಮೆಸ್ಸಿಯ ಫ್ರೀಕಿಕ್. ಹತ್ತು ದಿನ ಕಳೆದು ಅದೇ ಊರಿನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಎದುರಾದಾಗ ಅರ್ಧ ಆಟ ಮುಗಿಯುವಷ್ಟರಲ್ಲಿ ಮಯಾಮಿಗೆ ನಾಲ್ಕು ಗೋಲು ಬಿದ್ದಿದ್ದವು. ಎಂಎಲ್ಎಸ್‌ನ ಇನ್ನೊಂದು ತಂಡ ಸಿಯಾಟಲ್ ಸೌಂಡರ್ಸ್ ಗುಂಪಿನ ಮೂರೂ ಪಂದ್ಯ ಸೋತಿತು. ಲಾಸ್ ಏಂಜಲಿಸ್ ಎಫ್‌ಸಿ ಚೆಲ್ಸಿಗೆ 2–0, ಟ್ಯುನೀಷಿಯಾದ ಎಸ್ಪೆರಾನ್ಸ್‌ಗೆ 1–0ರಿಂದ ಸೋತು, ಬ್ರೆಜಿಲಿನ ಫ್ಲಮೆಂಗೊ ಜೊತೆ 1–1 ಡ್ರಾ ಮಾಡಿಕೊಂಡಿತು.

ತಮ್ಮದೇ ಖಂಡದಲ್ಲೂ ಎಂಎಲ್ಎಸ್ ತಂಡಗಳಿಗೆ ಮೆಕ್ಸಿಕೊ ಕ್ಲಬ್ಬುಗಳ ಎದುರು ಸುಲಭವಿಲ್ಲ. 2000ದಲ್ಲಿ ಲಾಸ್ ಏಂಜಲಿಸ್ ಗ್ಯಾಲಕ್ಸಿ ಖಂಡದ ಕಪ್ ಗೆದ್ದ ಮೇಲೆ ಮುಂದಿನ ಗೆಲುವಿಗೆ 2022ರಲ್ಲಿ ಸಿಯಾಟಲ್ ಬರಬೇಕಾಯಿತು. 2025ರ ಫೈನಲ್‌ನಲ್ಲಿ ವ್ಯಾಂಕೂವರ್ ವೈಟ್‌ಕ್ಯಾಪ್ಸ್, ಮೆಕ್ಸಿಕೊದ ಕ್ರೂಸ್ ಅಸುಲ್ ಕೈಯಲ್ಲಿ 5–0 ಸೋತಿತು.

ಹಾಗೆಂದು ಆಟಗಾರರು ಕಳಪೆಯಲ್ಲ. ಅಲ್ಫಾನ್ಸೊ ಡೇವಿಸ್ ವ್ಯಾಂಕೂವರ್‌ನಿಂದ ನೇರ ಬಯರ್ನ್ ಮ್ಯೂನಿಕ್‌ಗೆ ಹೋಗಿ 2020ರಲ್ಲಿ ಯುರೋಪಿನ ಅಗ್ರ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದ. ಮಿಗೆಲ್ ಅಲ್ಮಿರೋನ್ ಅಟ್ಲಾಂಟಾದಿಂದ ಇಂಗ್ಲೆಂಡಿನ ನ್ಯೂಕಾಸಲ್‌ಗೆ ಹೋದ. ನಮ್ಮ ಅಂದಾಜು ಇಷ್ಟು: ಒಳ್ಳೆಯ ಎಂಎಲ್ಎಸ್ ತಂಡದ ಮೊದಲ ಐದಾರು ಮಂದಿ ಯುರೋಪಿನ ದೊಡ್ಡ ಲೀಗಿನ ಮಧ್ಯಮ ಕ್ಲಬ್ಬಿನಲ್ಲಿ ಜಾಗ ಗಿಟ್ಟಿಸಬಲ್ಲರು. ಅದೇ ತಂಡದ ಹನ್ನೆರಡನೆಯವನಿಂದ ಹದಿನೆಂಟನೆಯವನವರೆಗಿನವರಿಗೆ ಅದು ಕಷ್ಟ. ಪರೀಕ್ಷಿಸಬೇಕಿದ್ದರೆ ಪಂದ್ಯದ 65ನೇ ನಿಮಿಷದ ಮೇಲೆ ಕಣ್ಣಿಡಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಆಗ ಬೆಂಚಿನಿಂದ ಎದ್ದು ಬರುವವರು ಬಹುತೇಕ ತಮ್ಮ ದೇಶಕ್ಕೆ ಆಡಿದವರು, ಆಟದ ಬಿರುಸು ಇನ್ನೂ ಏರುತ್ತದೆ. ಎಂಎಲ್ಎಸ್‌ನಲ್ಲಿ ಅದೇ ಹೊತ್ತಿಗೆ ಸಾಲುಗಳ ನಡುವೆ ಬಿರುಕು ಬಿಡುತ್ತದೆ, ಪಾಸು ತಪ್ಪುತ್ತದೆ, ಪಂದ್ಯ ಆ ಗೋಲಿನಿಂದ ಈ ಗೋಲಿಗೆ ಓಡಾಡತೊಡಗುತ್ತದೆ. ಇದಕ್ಕೆ ಕಾರಣ ಮುಂದಿನ ಉತ್ತರದಲ್ಲಿದೆ.

ಎಂಎಲ್ಎಸ್‌ನಲ್ಲಿ ಸಂಬಳಕ್ಕೆ ಮಿತಿ ಇದೆಯಂತೆ. ಹಾಗಿದ್ದೂ ಮೆಸ್ಸಿಗೆ ಕೋಟಿಗಟ್ಟಲೆ ಡಾಲರ್ ಕೊಡುವುದು ಹೇಗೆ?
– ಓದುಗರೊಬ್ಬರು, ಬೆಂಗಳೂರು

2025ರ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕೋಣ. ಒಂದು ಕ್ಲಬ್ಬಿನ ಸಂಬಳದ ಬಜೆಟ್ 59,50,000 ಡಾಲರ್. ಇದು ಹಿರಿಯರ ಪಟ್ಟಿಯ 20 ಜನಕ್ಕೆ. ತಂಡದಲ್ಲಿ ಒಟ್ಟು 30 ಜನರಿರಬಹುದು, ಆದರೆ 21ರಿಂದ 30ರವರೆಗಿನ ಜಾಗದವರು, ಹೆಚ್ಚಾಗಿ ಅಕಾಡೆಮಿಯಿಂದ ಬಂದ ಎಳೆಯರು, ಬಜೆಟ್ಟಿಗೆ ಸೇರುವುದಿಲ್ಲ. ಒಬ್ಬ ಆಟಗಾರನ ಹೆಸರಿನಲ್ಲಿ ಬಜೆಟ್ಟಿನಿಂದ ಕಳೆಯಬಹುದಾದ ಗರಿಷ್ಠ ಮೊತ್ತ 7,43,750 ಡಾಲರ್.

ಮೆಸ್ಸಿ ನುಸುಳುವುದು ಇಲ್ಲೇ. ಪ್ರತಿ ಕ್ಲಬ್ಬಿಗೆ ಮೂವರು ‘ಡೆಸಿಗ್ನೇಟೆಡ್ ಪ್ಲೇಯರ್’ಗಳನ್ನು ಇಟ್ಟುಕೊಳ್ಳುವ ಅವಕಾಶವಿದೆ. ಅವರಿಗೆ ಎಷ್ಟೇ ಕೊಟ್ಟರೂ ಬಜೆಟ್ಟಿನಲ್ಲಿ ಕಳೆಯುವುದು ಆ ಗರಿಷ್ಠ ಮೊತ್ತ ಮಾತ್ರ, ಉಳಿದದ್ದು ಮಾಲೀಕನ ಜೇಬಿನಿಂದ. ಡೇವಿಡ್ ಬೆಕಮ್‌ನನ್ನು ಗ್ಯಾಲಕ್ಸಿಗೆ ಕರೆತರಲೆಂದು 2007ರಲ್ಲಿ ಹುಟ್ಟಿದ ನಿಯಮ ಇದು. ಆಟಗಾರರ ಸಂಘ ಪ್ರಕಟಿಸಿದ 2024ರ ಪಟ್ಟಿಯಲ್ಲಿ ಮೆಸ್ಸಿಯ ಖಾತರಿ ಗಳಿಕೆ ಸುಮಾರು 2.04 ಕೋಟಿ ಡಾಲರ್.

ಈಗ ಕಳೆಯಿರಿ. ಮೂವರು ತಾರೆಯರಿಗೆ 22,31,250 ಹೋದರೆ ಉಳಿಯುವುದು 37,18,750. ಹದಿನೇಳು ಜನಕ್ಕೆ ಹಂಚಿದರೆ ತಲೆಗೆ 2,18,750 ಡಾಲರ್! ಗೋಲ್‌ಕೀಪರ್, ನಾಲ್ವರು ಡಿಫೆಂಡರ್‌ಗಳು, ಅವರ ಬದಲಿಗಳು ಎಲ್ಲರೂ ಇದರೊಳಗೇ. ಹಿರಿಯರ ಪಟ್ಟಿಯಲ್ಲಿ ಕನಿಷ್ಠ ಸಂಬಳ 1,04,000 ಡಾಲರ್ ಇತ್ತು. ಯುರೋಪಿನ ದೊಡ್ಡ ಲೀಗಿನಲ್ಲಿ ಜಾಗವಿರುವ ಡಿಫೆಂಡರ್ ಈ ಹಣಕ್ಕೆ ಬರುವುದಿಲ್ಲ.

ಈ ಬಿಗಿತ ಸಡಿಲಿಸಲು ಲೀಗು ಪ್ರತಿ ಕ್ಲಬ್ಬಿಗೆ ‘ಜನರಲ್ ಅಲೊಕೇಶನ್ ಮನಿ’ ಎಂಬ ಲೆಕ್ಕದ ಹಣ ಕೊಡುತ್ತದೆ, 2025ರಲ್ಲಿ 29.3 ಲಕ್ಷ ಡಾಲರ್. 9 ಲಕ್ಷ ಸಂಬಳದವನ ಮೇಲೆ ಇದರಲ್ಲಿ 3 ಲಕ್ಷ ಸುರಿದರೆ ಬಜೆಟ್ಟಿನಲ್ಲಿ ಅವನ ಲೆಕ್ಕ 6 ಲಕ್ಷಕ್ಕೆ ಇಳಿಯುತ್ತದೆ. ಈ ಹಣವನ್ನು ಕ್ಲಬ್ಬುಗಳು ತಮ್ಮತಮ್ಮಲ್ಲಿ ಮಾರಿಕೊಳ್ಳಬಹುದು. ವಿದೇಶಿ ಆಟಗಾರರ ಎಂಟು ಜಾಗಗಳೂ ಹಾಗೇ ಕೈಬದಲಾಗುತ್ತವೆ. ವಿಚಿತ್ರವೆಂದರೆ, ಯಾವ ವಿದೇಶಿ ಆಟಗಾರನ ಜೊತೆ ಮೊದಲು ಮಾತಾಡುವ ಹಕ್ಕು ಯಾರದು ಎಂಬುದಕ್ಕೂ ಪಟ್ಟಿಯಿದೆ. 2025ರಲ್ಲಿ ಥಾಮಸ್ ಮುಲ್ಲರ್ ಬೇಕೆಂದ ವ್ಯಾಂಕೂವರ್, ಆ ಹಕ್ಕಿಟ್ಟುಕೊಂಡಿದ್ದ ಸಿನ್ಸಿನಾಟಿಗೆ ಅಲೊಕೇಶನ್ ಹಣ ಕೊಟ್ಟೇ ಅವನನ್ನು ಕರೆಸಿಕೊಳ್ಳಬೇಕಾಯಿತು.

ಕ್ಲಬ್ಬುಗಳು ಎಡವುವುದು ಎರಡು ಕಡೆ. ಮೊದಲನೆಯದು, ಮೂರು ದುಬಾರಿ ಜಾಗವನ್ನೂ ಮುಂಚೂಣಿ ಆಟಗಾರರಿಗೇ ಕೊಟ್ಟು ಹಿಂದಿನ ಸಾಲನ್ನು ಅಗ್ಗದಲ್ಲಿ ತುಂಬುವುದು. ಎರಡನೆಯದು, ಸಾಮಾನ್ಯ ಆಟಗಾರನ ಲೆಕ್ಕದಲ್ಲಿ ಸಂಬಳವಷ್ಟೇ ಅಲ್ಲ, ವರ್ಗಾವಣೆ ಶುಲ್ಕದ ವಾರ್ಷಿಕ ಪಾಲೂ ಸೇರುವುದರಿಂದ, 20 ಲಕ್ಷಕ್ಕೆ ಕೊಂಡ ಡಿಫೆಂಡರ್ ಕಾಗದದ ಮೇಲೆ ತಾರೆಯಷ್ಟೇ ದುಬಾರಿಯಾಗಿಬಿಡುವುದು.

ಯುರೋಪಿನಲ್ಲಿ ಆಟಗಾರನಿಗೆ ಇಷ್ಟೇ ಎಂಬ ಕಟ್ಟಿಲ್ಲ, ಕ್ಲಬ್ಬಿನ ಒಟ್ಟು ನಷ್ಟಕ್ಕೋ ಖರ್ಚಿಗೋ ಕಟ್ಟಿದೆ. ಪ್ರೀಮಿಯರ್ ಲೀಗು ಮೂರು ವರ್ಷಕ್ಕೆ 10.5 ಕೋಟಿ ಪೌಂಡ್ ನಷ್ಟದ ಮಿತಿ ಇಟ್ಟಿತ್ತು. ತಮಗೆ ಅನ್ವಯಿಸಿದ ನಷ್ಟದ ಮಿತಿ ಮೀರಿದ್ದಕ್ಕೆ 2023–24ರಲ್ಲಿ ಎವರ್ಟನ್ ಮತ್ತು ನಾಟಿಂಗಮ್ ಫಾರೆಸ್ಟ್ ಎರಡೂ ಅಂಕ ಕಳೆದುಕೊಂಡವು. ಅಲ್ಲಿ ಹೆಚ್ಚು ಗಳಿಸುವವನು ಹೆಚ್ಚು ಖರ್ಚು ಮಾಡುತ್ತಾನೆ, ಗೆಲ್ಲುತ್ತಲೇ ಇರುತ್ತಾನೆ. ಪ್ರೀಮಿಯರ್ ಲೀಗನ್ನು 1992ರಿಂದ ಗೆದ್ದವು ಏಳೇ ಕ್ಲಬ್ಬುಗಳು. 1996ರಲ್ಲಿ ಶುರುವಾದ ಎಂಎಲ್ಎಸ್ ಕಪ್ಪನ್ನು 2025ರೊಳಗೆ ಹದಿನಾರು ಕ್ಲಬ್ಬುಗಳು ಎತ್ತಿವೆ. ಬಜೆಟ್ಟಿನ ಬಿಗಿತ ಆಟದ ಮಟ್ಟವನ್ನು ತಗ್ಗಿಸುತ್ತದೆ, ಜೊತೆಗೆ ಸಿನ್ಸಿನಾಟಿಯ ಅಭಿಮಾನಿಗೂ ಪ್ರತಿ ಫೆಬ್ರವರಿಯಲ್ಲಿ ನಿಜವಾದ ಆಸೆ ಕೊಡುತ್ತದೆ. ಎರಡನ್ನೂ ಒಟ್ಟಿಗೇ ತೂಗಬೇಕು.

ಕೊನೆಯ ಸ್ಥಾನದ ತಂಡ ಕೆಳಗಿನ ದರ್ಜೆಗೆ ಇಳಿಯದಿದ್ದರೆ ಅದೆಂಥ ಲೀಗು?
– ಓದುಗರೊಬ್ಬರು, ಧಾರವಾಡ

ನಿಮ್ಮ ಅಸಮಾಧಾನಕ್ಕೆ ಆಧಾರವಿದೆ. 2013ರಲ್ಲಿ ಡಿಸಿ ಯುನೈಟೆಡ್ 34 ಪಂದ್ಯಗಳಲ್ಲಿ ಗೆದ್ದದ್ದು ಮೂರು, ಅಂಕ 16. ಆದರೂ ಅದೇ ವರ್ಷ ಯುಎಸ್ ಓಪನ್ ಕಪ್ ಎಂಬ ನಾಕೌಟ್ ಟೂರ್ನಿ ಗೆದ್ದಿತು, 2014ರಲ್ಲಿ ಪೂರ್ವ ವಿಭಾಗದ ಮೊದಲ ಸ್ಥಾನಕ್ಕೆ ಏರಿತು. ಯುರೋಪಿನಲ್ಲಿ ಕೆಳಗಿಳಿದ ತಂಡಕ್ಕೆ ಇಷ್ಟು ಬೇಗ ಚೇತರಿಸಿಕೊಳ್ಳುವುದು ಕಷ್ಟ. ಲೀಡ್ಸ್ ಯುನೈಟೆಡ್ 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿ, 2004ರಲ್ಲಿ ಪ್ರೀಮಿಯರ್ ಲೀಗಿನಿಂದ ಇಳಿದು, 2007ರಲ್ಲಿ ಮೂರನೇ ದರ್ಜೆಗೆ ಬಿತ್ತು.

ಎಂಎಲ್ಎಸ್ ಹೀಗಿರುವುದಕ್ಕೆ ಕಾರಣ ಹುಟ್ಟಿನಲ್ಲಿದೆ. ಪೆಲೆ ಆಡಿದ ಹಳೆಯ ನಾರ್ತ್ ಅಮೆರಿಕನ್ ಸಾಕರ್ ಲೀಗು ಅಂಕೆಯಿಲ್ಲದ ಖರ್ಚಿನಿಂದ 1984ರ ನಂತರ ಮುಚ್ಚಿಹೋಯಿತು. ಆ ಭಯದಲ್ಲಿ ಹೊಸ ಲೀಗನ್ನು ಒಂದೇ ಕಂಪನಿಯಾಗಿ ಕಟ್ಟಿದರು. ಆಟಗಾರನ ಒಪ್ಪಂದ ಲೀಗಿನ ಜೊತೆ, ತಂಡದ ‘ಮಾಲೀಕ’ ಆ ಕಂಪನಿಯ ಪಾಲುದಾರ. ಅದನ್ನು ಪ್ರಶ್ನಿಸಿ ಆಟಗಾರರು ಹೂಡಿದ ಮೊಕದ್ದಮೆ 2002ರಲ್ಲಿ ಮೇಲ್ಮನವಿಯಲ್ಲೂ ಬಿದ್ದುಹೋಯಿತು. ಅದೇ ವರ್ಷದ ಆರಂಭದಲ್ಲಿ ಟ್ಯಾಂಪಾ ಬೇ ಮತ್ತು ಮಯಾಮಿ ಫ್ಯೂಷನ್ ತಂಡಗಳು ಬಾಗಿಲು ಹಾಕಿದ್ದವು. ಅಂಥ ಲೀಗಿಗೆ ಸೇರಲು ಸ್ಯಾನ್ ಡಿಯಾಗೊ 50 ಕೋಟಿ ಡಾಲರ್ ಕಟ್ಟಿ 2025ರಲ್ಲಿ ಮೂವತ್ತನೇ ತಂಡವಾಯಿತು. ಇಷ್ಟು ಕಟ್ಟಿ ಬಂದ ಮಾಲೀಕ ಹಿಂಬಡ್ತಿಗೆ ಒಪ್ಪುತ್ತಾನೆಂದು ನಮಗೆ ಅನ್ನಿಸುವುದಿಲ್ಲ. ಬೇರೊಂದು ಸಂಸ್ಥೆಯಾದ ಯುನೈಟೆಡ್ ಸಾಕರ್ ಲೀಗ್ (ಯುಎಸ್ಎಲ್) 2025ರ ಮಾರ್ಚ್‌ನಲ್ಲಿ ತನ್ನ ದರ್ಜೆಗಳ ನಡುವೆ ಬಡ್ತಿ–ಹಿಂಬಡ್ತಿ ತರಲು ತೀರ್ಮಾನಿಸಿದೆ. ಅಮೆರಿಕದಲ್ಲಿ ನಿಮ್ಮ ಆಸೆಗೆ ಸದ್ಯಕ್ಕಿರುವ ದಾರಿ ಅದೊಂದೇ.

ನಮ್ಮ ಇಂಡಿಯನ್ ಸೂಪರ್ ಲೀಗೂ ಶುರುವಾದದ್ದು ಹೀಗೇ. ಬೆಂಗಳೂರು ಎಫ್‌ಸಿ ದೇಶದ ಆಗಿನ ಮೇಲ್ದರ್ಜೆಯ ಐ-ಲೀಗನ್ನು ಎರಡು ಸಲ ಗೆದ್ದಿದ್ದರೂ 2017ರಲ್ಲಿ ಒಳಗೆ ಬಂದದ್ದು ಬಿಡ್ ಸಲ್ಲಿಸಿ.

2024ರಲ್ಲಿ ಮಯಾಮಿ 74 ಅಂಕ ಗಳಿಸಿಯೂ ಚಾಂಪಿಯನ್ ಆಗಲಿಲ್ಲ. ಇದು ಅನ್ಯಾಯವಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

34 ಪಂದ್ಯದಲ್ಲಿ 74 ಅಂಕ ಲೀಗಿನ ದಾಖಲೆ. ಅದಕ್ಕೆ ‘ಸಪೋರ್ಟರ್ಸ್ ಶೀಲ್ಡ್’ ಸಿಕ್ಕಿತು. ಯುರೋಪಿನ ಲೆಕ್ಕದಲ್ಲಿ ಅದೇ ಚಾಂಪಿಯನ್ ಪಟ್ಟ. ಅಮೆರಿಕದಲ್ಲಿ ಪಟ್ಟ ತೀರ್ಮಾನವಾಗುವುದು ಪ್ಲೇಆಫ್‌ನಲ್ಲಿ. ಪೂರ್ವ, ಪಶ್ಚಿಮ ವಿಭಾಗಗಳಿಂದ ತಲಾ ಒಂಬತ್ತು ತಂಡ ಒಳಬರುತ್ತವೆ. 8 ಮತ್ತು 9ನೇ ಸ್ಥಾನದವು ಒಂದು ಪಂದ್ಯ ಆಡಿ, ಗೆದ್ದದ್ದು ಮೊದಲ ಸುತ್ತಿಗೆ ಹೋಗುತ್ತದೆ. ಆ ಸುತ್ತು ಮಾತ್ರ ಮೂರು ಪಂದ್ಯದ್ದು, ಸಮವಾದರೆ ಹೆಚ್ಚುವರಿ ಸಮಯವಿಲ್ಲದೆ ನೇರ ಪೆನಾಲ್ಟಿ. ಅಲ್ಲಿಂದ ಫೈನಲ್‌ವರೆಗೆ ಒಂದೊಂದೇ ಪಂದ್ಯ, ಮೇಲಿನ ಸ್ಥಾನದವರ ಮೈದಾನದಲ್ಲಿ. 40 ಅಂಕದೊಂದಿಗೆ ಒಂಬತ್ತನೆಯದಾಗಿ ಬಂದ ಅಟ್ಲಾಂಟಾ ಮೊದಲ ಪಂದ್ಯ ಸೋತು, ಉಳಿದೆರಡು ಗೆದ್ದು ಮಯಾಮಿಯನ್ನು ಹೊರಗಟ್ಟಿತು.

ಅನ್ಯಾಯ ಅನ್ನುವುದಕ್ಕಿಂತ ದುಬಾರಿ ಅನ್ನಬೇಕು. 30ರಲ್ಲಿ 18 ತಂಡ ಪ್ಲೇಆಫ್‌ಗೆ ಬಂದರೆ ಜುಲೈ–ಆಗಸ್ಟ್‌ನ ಪಂದ್ಯಗಳಿಗೆ ಬೆಲೆ ಕಡಿಮೆಯಾಗುತ್ತದೆ. ತಂಡಗಳು ತಾರೆಯರನ್ನು ವಿಶ್ರಾಂತಿಗೆ ಕೂರಿಸಿದರೆ ಆಶ್ಚರ್ಯವಿಲ್ಲ. ಪಟ್ಟಿಯನ್ನು ಹನ್ನೆರಡಕ್ಕೆ ಇಳಿಸುವುದು ಒಳ್ಳೆಯದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಟಿವಿಯಲ್ಲಿ ಎಂಎಲ್ಎಸ್ ಆಟ ನಿಧಾನ ಅನ್ನಿಸುತ್ತದೆ. ಯಾಕೆ?
– ಓದುಗರೊಬ್ಬರು, ಮೈಸೂರು

ಒಂದು, ದೂರ. ವ್ಯಾಂಕೂವರ್‌ನಿಂದ ಮಯಾಮಿಗೆ ಸುಮಾರು 4,500 ಕಿ.ಮೀ., ಗಡಿಯಾರದಲ್ಲಿ ಮೂರು ಗಂಟೆ ವ್ಯತ್ಯಾಸ. ಇಂಗ್ಲೆಂಡಿನಲ್ಲಿ ನ್ಯೂಕಾಸಲ್‌ನಿಂದ ಬೋರ್ನ್‌ಮತ್‌ಗೆ ರಸ್ತೆಯಲ್ಲೇ ಹೋದರೂ ಸುಮಾರು 550 ಕಿ.ಮೀ. ಎರಡು, ಕಾಲಮಾನ. ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಆಡುವುದರಿಂದ ಟೆಕ್ಸಸ್‌ನ ಕಡುಬೇಸಗೆ ಋತುವಿನ ನಟ್ಟನಡುವೆ ಬೀಳುತ್ತದೆ. ಆ ಬಿಸಿಯಲ್ಲಿ 90 ನಿಮಿಷ ಎದುರಾಳಿಯನ್ನು ಒತ್ತಿಹಿಡಿಯಲಾಗದು. ಮೂರು, ನೆಲ. 2025ರಲ್ಲಿ ಸಿಯಾಟಲ್, ಪೋರ್ಟ್‌ಲ್ಯಾಂಡ್, ಅಟ್ಲಾಂಟಾ, ವ್ಯಾಂಕೂವರ್‌ಗಳಲ್ಲಿ ಕೃತಕ ಹುಲ್ಲಿತ್ತು. ಪ್ರೀಮಿಯರ್ ಲೀಗಿನಲ್ಲಿ ಅದಕ್ಕೆ ಅನುಮತಿಯೇ ಇಲ್ಲ.

ಕಾಲಮಾನ ಬದಲಾಗಲಿದೆ. 2027ರ ಜುಲೈನಿಂದ 2028ರ ಮೇವರೆಗೆ ಯುರೋಪಿನಂತೆಯೇ ಆಡಲು ಲೀಗು ನಿರ್ಧರಿಸಿದೆ, ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಆರಂಭದವರೆಗೆ ಬಿಡುವು. ಬಿಸಿಗಿಂತ ದೊಡ್ಡ ಲಾಭ ವರ್ಗಾವಣೆಯದು: ಯುರೋಪಿನವರು ಆಟಗಾರರನ್ನು ಕೊಳ್ಳುವ ಬೇಸಗೆಯಲ್ಲಿ ಎಂಎಲ್ಎಸ್ ತಂಡ ಋತುವಿನ ನಡುವೆ ತನ್ನ ಒಳ್ಳೆಯವನನ್ನು ಕಳೆದುಕೊಳ್ಳುವುದು ತಪ್ಪುತ್ತದೆ.

ಒಂದು ವಿಷಯದಲ್ಲಿ ಮಾತ್ರ ಎಂಎಲ್ಎಸ್ ಯುರೋಪಿಗಿಂತ ಮೊದಲೇ ಚುರುಕಾಯಿತು. ಬದಲಿಯಾಗುವ ಆಟಗಾರ 10 ಸೆಕೆಂಡಿನೊಳಗೆ ಹೊರಬರದಿದ್ದರೆ ಬದಲಿಗಾರ ಒಂದು ನಿಮಿಷ ಕಾಯಬೇಕು. 15 ಸೆಕೆಂಡಿಗಿಂತ ಹೆಚ್ಚು ನೆಲದಲ್ಲಿ ಬಿದ್ದು ವೈದ್ಯರನ್ನು ಕರೆಸಿಕೊಂಡವನು, ಕೆಲವು ವಿನಾಯಿತಿ ಬಿಟ್ಟರೆ, ಎರಡು ನಿಮಿಷ ಹೊರಗಿರಬೇಕು. 2024ರಲ್ಲಿ ಬಂದ ಈ ನಿಯಮಗಳಿಂದ ಸುಮ್ಮನೆ ಬಿದ್ದು ಹೊರಳುವ ಚಟಕ್ಕೆ ಕಡಿವಾಣ ಬಿದ್ದಿದೆ.

ನಮ್ಮ ಮಗನಿಗೆ ಹನ್ನೆರಡು ವರ್ಷ, ಇಲ್ಲೇ ಹುಟ್ಟಿದವನು, ಚೆನ್ನಾಗಿ ಆಡುತ್ತಾನೆ. ಯುರೋಪಿನ ಅಕಾಡೆಮಿಗೆ ಕಳಿಸಬಹುದೇ?
– ಕನ್ನಡಿಗ ತಾಯಿಯೊಬ್ಬರು, ನ್ಯೂಜೆರ್ಸಿ

ಈಗ ಆಗದು. ಹದಿನೆಂಟು ತುಂಬುವವರೆಗೆ ದೇಶ ದಾಟಿ ಕ್ಲಬ್ಬಿಗೆ ನೋಂದಾಯಿಸಿಕೊಳ್ಳಲು ಫಿಫಾ ನಿಯಮ ಬಿಡುವುದಿಲ್ಲ. ಮುಖ್ಯ ವಿನಾಯಿತಿಗಳು: ತಂದೆತಾಯಿ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ನೆಲೆ ಬದಲಿಸಿದ್ದರೆ, ಅಥವಾ ಹುಡುಗನಿಗೆ ಯುರೋಪಿಯನ್ ಒಕ್ಕೂಟದ ಪಾಸ್‌ಪೋರ್ಟ್ ಇದ್ದರೆ ಹದಿನಾರಕ್ಕೆ. ಅಮೆರಿಕದ ಕ್ರಿಶ್ಚಿಯನ್ ಪುಲಿಸಿಕ್ ಹದಿನಾರಕ್ಕೇ ಜರ್ಮನಿಯ ಡಾರ್ಟ್ಮಂಡ್ ಕ್ಲಬ್ ಸೇರಿದ್ದು ಅಜ್ಜನ ಕಡೆಯಿಂದ ಸಿಕ್ಕ ಕ್ರೊವೇಷಿಯಾ ಪಾಸ್‌ಪೋರ್ಟಿನಿಂದ. ‘ಟ್ರಯಲ್ ಕೊಡಿಸುತ್ತೇವೆ’ ಎಂದು ಮುಂಗಡ ಕೇಳುವ ದಲ್ಲಾಳಿಗಳಿಗೆ ಒಂದು ಡಾಲರೂ ಕೊಡಬೇಡಿ.

ನಿಮ್ಮಲ್ಲಿರುವ ದಾರಿ 13ರ ವಯೋಮಿತಿಯಿಂದ ಶುರುವಾಗುವ ‘ಎಂಎಲ್ಎಸ್ ನೆಕ್ಸ್ಟ್’. ಅದರಲ್ಲಿ ಎರಡು ಬಗೆಯ ತಂಡಗಳಿವೆ. ಎಂಎಲ್ಎಸ್ ಕ್ಲಬ್ಬುಗಳ ಸ್ವಂತ ಅಕಾಡೆಮಿಗಳು ಸಾಮಾನ್ಯವಾಗಿ ಶುಲ್ಕ ಪಡೆಯುವುದಿಲ್ಲ. ಉಳಿದ ಖಾಸಗಿ ಕ್ಲಬ್ಬುಗಳಲ್ಲಿ ಪ್ರಯಾಣ, ಹೋಟೆಲ್ ಸೇರಿ ವರ್ಷಕ್ಕೆ ಸಾವಿರಾರು ಡಾಲರ್ ಆಗುತ್ತದೆ. ಸೇರಿಸುವ ಮೊದಲು ಕೇಳಿ: ಪ್ರಯಾಣದ ವೆಚ್ಚ ಶುಲ್ಕದಲ್ಲಿ ಸೇರಿದೆಯೇ? ತರಬೇತುದಾರರ ಲೈಸೆನ್ಸ್ ಯಾವ ದರ್ಜೆಯದು? ವಯಸ್ಸನ್ನು ಜನವರಿಯಿಂದ ಎಣಿಸುತ್ತಾರೋ ಆಗಸ್ಟ್‌ನಿಂದಲೋ? ಹುಡುಗನಿಗೆ ಪ್ರತಿ ಪಂದ್ಯದಲ್ಲಿ ಎಷ್ಟು ನಿಮಿಷ ಆಟ ಸಿಗುತ್ತದೆ? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಹೆಸರಾಂತ ತಂಡದ ಬೆಂಚಿನಲ್ಲಿ ಕೂತ ಹುಡುಗ ಕಲಿಯುವುದು ಕಡಿಮೆ.

ಕರ್ನಾಟಕದಲ್ಲಿ ಕುಳಿತು ಎಂಎಲ್ಎಸ್, ಪ್ರೀಮಿಯರ್ ಲೀಗು ಎರಡನ್ನೂ ನೋಡುವುದು ಹೇಗೆ?
– ಓದುಗರೊಬ್ಬರು, ಕಲಬುರಗಿ

ಎಂಎಲ್ಎಸ್ ಪಂದ್ಯಗಳು ಆಪಲ್ ಟಿವಿಯಲ್ಲಿ ಬರುತ್ತವೆ. 2026ರಿಂದ ಬೇರೆ ಸೀಸನ್ ಪಾಸ್ ಬೇಡ, ಮಾಮೂಲಿ ಚಂದಾ ಸಾಕು. ಪ್ರೀಮಿಯರ್ ಲೀಗು ಜಿಯೊಹಾಟ್‌ಸ್ಟಾರ್‌ನಲ್ಲಿದೆ. ಇಂಗ್ಲೆಂಡಿನ ಶನಿವಾರ ಮಧ್ಯಾಹ್ನ 3ರ ಪಂದ್ಯ ನಮಗೆ ಅಲ್ಲಿನ ಬೇಸಗೆಯಲ್ಲಿ ಸಂಜೆ 7:30ಕ್ಕೆ, ಚಳಿಗಾಲದಲ್ಲಿ ರಾತ್ರಿ 8:30ಕ್ಕೆ. ಅಮೆರಿಕದ ಪೂರ್ವ ತೀರದಲ್ಲಿ ಶನಿವಾರ ಸಂಜೆ 7:30ರ ಪಂದ್ಯ ನಮಗೆ ಭಾನುವಾರ ಬೆಳಗಿನ ಜಾವ 5ಕ್ಕೆ, ಪಶ್ಚಿಮ ತೀರದ್ದಾದರೆ ಬೆಳಿಗ್ಗೆ 8ಕ್ಕೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುವುದರಿಂದ, ಪ್ಲೇಆಫ್ ಹೊತ್ತಿಗೆ ಎರಡಕ್ಕೂ ಒಂದು ಗಂಟೆ ಸೇರಿಸಿಕೊಳ್ಳಿ.