ಅಪ್ಪನ ಮಣ್ಣಿಗೆ ಬರಲಾಗಲಿಲ್ಲ, ಸಭೆಯ ಮುಂದೆ ಯಾವ ಸಾಕ್ಷಿ ಹೇಳಲಿ?

ಅಕ್ಕಾರೆ, ನಮಸ್ಕಾರ. ನಮ್ಮದು ಬೀದರ. ನನಗೆ 36 ವರ್ಷ. ಮಗಳಿಗೆ 12, ಮಗನಿಗೆ 5. ನಮ್ಮ ಮನೆಯವರು ಇಲ್ಲಿ ಶಾಲೆ ಮಾಸ್ತರ ಆಗಿದ್ದರು. ಹೋದ ವರ್ಷ ಮಿಷನರಿ ಸೇವೆಗೆ ದೇವರ ಕರೆ ಬಂತೆಂದು ಕೆಲಸ ಬಿಟ್ಟರು. ನಾಲ್ಕೂ ಜನ ಆಫ್ರಿಕಾದ ತಾಂಜಾನಿಯಾಕ್ಕೆ ಹೋದೆವು. ಡೊಡೊಮಾದಿಂದ ಒಳಗೆ ಒಂದು ಹಳ್ಳಿ. ಅಲ್ಲಿ ಸಭೆಯ (ಚರ್ಚಿನ) ಶಾಲೆಯಲ್ಲಿ ಅವರು ಪಾಠ ಮಾಡುತ್ತಾರೆ, ಭಾನುವಾರ ಆರಾಧನೆ ನಡೆಸುತ್ತಾರೆ. ಮೂರು ವರ್ಷಕ್ಕೆ ಒಪ್ಪಿಕೊಂಡಿದ್ದೇವೆ. ಒಂದು ಮುಗಿಯಿತು. ಈಗ ರಜೆಗೆ ಬಂದಿದ್ದೇವೆ.

ಇನ್ನು ಎರಡು ವಾರಕ್ಕೆ ನಮ್ಮ ಸಭೆಯಲ್ಲಿ ಒಂದು ವರ್ಷದ ಸಾಕ್ಷಿ ಹೇಳಬೇಕು, ಅಂದರೆ ದೇವರು ನಮ್ಮನ್ನು ಹೇಗೆ ನಡೆಸಿದ ಅಂತ ಎಲ್ಲರ ಮುಂದೆ ಹೇಳಬೇಕು. ಕೂಲಿ ಮಾಡುವವರೂ ಕಾಣಿಕೆ ಹಾಕಿ ನಮ್ಮನ್ನು ಕಳಿಸಿದ್ದಾರೆ. ಮನೆಯವರು ನನಗೂ ಎರಡು ಪುಟ ಬರೆದುಕೊಟ್ಟಿದ್ದಾರೆ. ಅದರಲ್ಲಿ ಬರೀ ಸಂತೋಷದ ಮಾತೇ. ಆದರೆ ನಾನು ಮೊದಲ ಐದು ತಿಂಗಳು ದಿನಾ ಅತ್ತಿದ್ದೇನೆ. ಭಾಷೆ ಬರಲಿಲ್ಲ. ನೀರು ಹೊತ್ತು ಸಾಕಾಯಿತು. ಮಗಳು "ನಾ ಮತ್ತ ಬರಂಗಿಲ್ಲ, ಅಜ್ಜಿ ಹತ್ರ ಇರ್ತೀನಿ" ಅನ್ನುತ್ತಾಳೆ. ಮಗ "ಮನೀಗಿ ಯಾವಾಗ ಹೋಗೋದು?" ಅಂತ ಕೇಳುತ್ತಾನೆ. ಅವನಿಗೆ ಮನೆ ಅಂದರೆ ಆ ಹಳ್ಳಿ. ನಡುವೆ ಅಪ್ಪ ತೀರಿಕೊಂಡರು, ಮಣ್ಣಿಗೆ ಬರಲಾಗಲಿಲ್ಲ. ಆಗ ಅಲ್ಲಿನ ಹೆಂಗಸರು ಮೂರು ರಾತ್ರಿ ನಮ್ಮ ಅಂಗಳದಲ್ಲಿ ಚಾಪೆ ಹಾಸಿ ಮಲಗಿದ್ದರು. ನಾವು ಬಂದು ನಾಲ್ಕು ವಾರ ಆಯಿತು. ಭಾಲ್ಕಿ ಕಡೆಯ ತವರಿಗೆ ಎರಡು ಸಲ ಹೋದರೂ ಸಮಾಧಿಗೆ ಹೋಗಿಲ್ಲ.

ನನಗೆ ಕರೆಯೇ ಇಲ್ಲವೇನೋ ಅನಿಸುತ್ತಿದೆ. ಮತ್ತೆ ಹೋಗಬೇಕಾ, ಬಿಡಬೇಕಾ? ಸುಳ್ಳು ಸಾಕ್ಷಿ ಹೇಳಿದರೆ ಪಾಪ. ನಿಜ ಹೇಳಿದರೆ ಮನೆಯವರ ಮಾನ ಹೋಗುತ್ತದೆ.

— ಹೆಸರು ಬೇಡ, ಬೀದರ

ತಂಗಿ,

ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಪೂರ್ತಿ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನೀರಿನ ಬಗ್ಗೆ ಅರ್ಧ ಪುಟ ಬರೆದಿದ್ದೀರಿ. ಭಾಷೆಯ ಬಗ್ಗೆ ಒಂದು ಪುಟ. ಮಕ್ಕಳ ಬಗ್ಗೆ ಇನ್ನೂ ಜಾಸ್ತಿ. ಅಪ್ಪ ತೀರಿಕೊಂಡಿದ್ದಕ್ಕೆ ಮಾತ್ರ ಕಾಲು ಪುಟ. ಅದೂ "ನಡುವೆ" ಅನ್ನುವ ಮಾತಿನಿಂದ ಶುರು. ಅಪ್ಪನ ಸಾವು ನಡುವೆ ಬಂದು ಹೋಗುವ ವಿಷಯ ಅಲ್ಲ, ಅಲ್ವಾ?

ನಿಮಗೆ ಕರೆ ಇದೆಯೋ ಇಲ್ಲವೋ ಹೇಳಲು ನಾನು ಯಾರೂ ಅಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ನೀವು ಕರೆ ಕಳೆದುಹೋಯಿತು ಅಂದುಕೊಂಡಿರುವುದು ಅಳದೆ ಉಳಿದ ದುಃಖ. ಅದು ಎದೆಯಲ್ಲಿ ಕೂತಾಗ ಯಾವ ಕೆಲಸವೂ ನಮ್ಮದು ಅನಿಸುವುದಿಲ್ಲ. ಪ್ರಾರ್ಥನೆಯೂ ಬಾಯಿಗೆ ಬರುವುದಿಲ್ಲ. ನಮ್ಮ ಅಜ್ಜಿ ತೀರಿಕೊಂಡಾಗ ನಾನೂ ದೂರದಲ್ಲಿದ್ದೆ. ಆರು ತಿಂಗಳು ಎಲ್ಲರ ಮೇಲೂ ಸಿಟ್ಟು ಮಾಡುತ್ತಿದ್ದೆ. ಕೆಲಸ ಸರಿ ಇಲ್ಲ, ಊರು ಸರಿ ಇಲ್ಲ ಅಂತಿದ್ದೆ. ಅಜ್ಜಿಯ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ನಿಮ್ಮ ಪತ್ರ ಓದುವಾಗ ಅದೇ ನೆನಪಾಯಿತು.

ಆ ದಿನದ ಬಗ್ಗೆ ನೀವು ಬರೆದಿದ್ದನ್ನು ನಿಮಗೇ ಮತ್ತೆ ಹೇಳುತ್ತೇನೆ. ತಮ್ಮ ಇಲ್ಲಿ ಬೆಳಗಿನ ಆರಕ್ಕೆ ಫೋನ್ ಮಾಡಿದ. ಅಲ್ಲಿ ಮೂರೂವರೆ, ಕಗ್ಗತ್ತಲು. ಸಂಜೆಗೇ ಮಣ್ಣು ಅಂದರು. ಡೊಡೊಮಾದಿಂದ ದಾರ್ ಎಸ್ ಸಲಾಮ್‌ಗೆ ಬಂದು, ವಿಮಾನ ಹತ್ತಿ, ಹೈದರಾಬಾದಿನಲ್ಲಿ ಇಳಿದು ಭಾಲ್ಕಿ ಮುಟ್ಟಲು ಎರಡು ದಿನವಾದರೂ ಬೇಕು. ಕಾಯಿರಿ ಅನ್ನಲು ನಿಮಗೆ ಬಾಯಿ ಬರಲಿಲ್ಲ. ಫೋನಿನಲ್ಲೇ ಪೆಟ್ಟಿಗೆ ಇಳಿಸುವುದನ್ನು ನೋಡಿದಿರಿ. ನಡುವೆ ನೆಟ್‌ವರ್ಕ್ ಹೋಯಿತು. ಹಿಡಿ ಮಣ್ಣು ಹಾಕುವ ಹೊತ್ತಿಗೆ ಪರದೆ ಮೇಲೆ ಏನೂ ಇರಲಿಲ್ಲ.

ಮರುದಿನ ಬೆಳಗಾಯಿತು. ನೀವು ಯಾರಿಗೂ ಹೇಳಿರಲಿಲ್ಲ. ಆದರೂ ಹೆಂಗಸರು ಬಂದರು. "ಪೋಲೆ, ಪೋಲೆ ಸಾನಾ" ಅನ್ನುತ್ತಾ ಒಬ್ಬೊಬ್ಬರೇ ಕೈ ಹಿಡಿದರು. ನಿಮ್ಮ ಸೊಂಟಕ್ಕೆ ಕಾಂಗಾ ಬಟ್ಟೆ ಸುತ್ತಿದರು. ಅಂಗಳದಲ್ಲಿ ಚಾಪೆ ಹಾಸಿದರು. ಒಲೆ ಹಚ್ಚಲು ನಿಮ್ಮನ್ನು ಬಿಡಲಿಲ್ಲ. ಸತ್ತವರನ್ನು ಅವರು ಯಾರೂ ನೋಡಿದವರಲ್ಲ. ನಿಮ್ಮ ಅಪ್ಪನ ಹೆಸರನ್ನು ನಾಲಿಗೆ ಹೊರಳಿಸಿ ಹೇಳಲೂ ಅವರಿಗೆ ಬರುತ್ತಿರಲಿಲ್ಲ. ಆದರೂ ಮೂರು ರಾತ್ರಿ ಮಲಗಿದರು.

ಸ್ವಾಹಿಲಿ ಮಾತನಾಡುವ ಜನ ಇಂಥ ಸಾವಿನ ಶೋಕವನ್ನು 'ಎಂಸಿಬಾ' ಅನ್ನುತ್ತಾರೆ. ಆ ಮನೆಗೆ ನೆರೆಯವರು ಬಂದು ಕೂರಲೇಬೇಕು. ಮಾತನಾಡಬೇಕು ಅಂತೇನಿಲ್ಲ, ಸುಮ್ನೆ ಕೂರಬೇಕು. ನಮ್ಮ ಕಡೆಯೂ ಹಾಗೇ ಅಲ್ವಾ? ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯವರು ಬುಟ್ಟಿಯಲ್ಲಿ ರೊಟ್ಟಿ ತರುತ್ತಾರೆ. ಇನ್ನು 'ಪೋಲೆ' ಅನ್ನುವ ಮಾತು. ಎಡವಿದವರಿಗೂ ಹೇಳುತ್ತಾರೆ, ದಣಿದವರಿಗೂ ಹೇಳುತ್ತಾರೆ, ತಂದೆ ಕಳೆದುಕೊಂಡವರಿಗೂ ಹೇಳುತ್ತಾರೆ. ನಿನ್ನ ನೋವು ನನಗೆ ಗೊತ್ತಾಯಿತು ಅನ್ನುವಷ್ಟೇ ಅದರ ಅರ್ಥ. ಒಂದು ಪುಟ ತುಂಬಾ "ನನಗೆ ಭಾಷೆ ಬರಲಿಲ್ಲ" ಅಂತ ಬರೆದಿದ್ದೀರಿ. ಆ ಒಂದು ಮಾತು ನಿಮಗೆ ಆ ದಿನ ಪೂರ್ತಿ ತಿಳಿಯಿತು.

ಇನ್ನೊಂದು ಇದೆ. ಇದನ್ನು ನೀವು ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಿರಿ. ಎರಡನೇ ದಿನ ಒಬ್ಬ ಮುದುಕಿ ಬಟ್ಟಲಿನಲ್ಲಿ 'ಎಂಬಾಜಿ' ತಂದಳು. ಬಾಯಿಗೆ ಇಟ್ಟ ಮೇಲೆ ಅದು ತೊಗರಿ ಕಾಳು ಅಂತ ಗೊತ್ತಾಯಿತು, ಎದ್ದು ಒಳಗೆ ಹೋದೆ ಅಂದಿದ್ದೀರಿ. ನಿಮ್ಮ ಅಪ್ಪ ತೊಗರಿ ಬೆಳೆಯುತ್ತಿದ್ದವರು. ನಮ್ಮ ಕಲಬುರಗಿ, ಬೀದರದ ಕಪ್ಪು ಮಣ್ಣಿನಲ್ಲಿ ಬೆಳೆಯುವ ಹಾಗೆ ತಾಂಜಾನಿಯಾದಲ್ಲೂ ತೊಗರಿ ಬೆಳೆಯುತ್ತಾರೆ. ಅಲ್ಲಿಂದ ನಮ್ಮ ದೇಶಕ್ಕೇ ಹಡಗಿನಲ್ಲಿ ಬರುತ್ತದೆ. ಅಪ್ಪ ಜೀವನವಿಡೀ ಬೆಳೆದ ಕಾಳನ್ನು ಅವರ ಸಾವಿನ ದುಃಖದ ದಿನ ಯಾರೋ ಬೇಯಿಸಿ ತಂದು ಮಗಳ ಕೈಗೆ ಕೊಟ್ಟರು. ಇದನ್ನು ಓದಿ ನಾನೂ ಸ್ವಲ್ಪ ಹೊತ್ತು ಪತ್ರ ಕೆಳಗಿಟ್ಟೆ.

ತಂಗಿ, ನಿಮ್ಮ ಸಾಕ್ಷಿ ಇದೇ. ಬೇರೆ ಹುಡುಕಬೇಡಿ.

ಮಿಷನರಿ ಅಂದರೆ ಕೊಡಲು ಹೋದವರು ಅಂತ ಸಭೆಯವರು ತಿಳಿದಿರುತ್ತಾರೆ. ನೀವು ಹೋಗಿ ಪಡೆದುಕೊಂಡು ಬಂದಿರಿ. ಅದನ್ನು ಹೇಳಲು ನಿಮಗೆ ನಾಚಿಕೆ. ಕಾಣಿಕೆ ಹಾಕಿದವರಿಗೆ ಮೋಸವಾಯಿತು ಅನಿಸುತ್ತಿದೆ. ಕೂಲಿ ಮಾಡಿ ಕಾಣಿಕೆ ಹಾಕುವ ಹೆಂಗಸಿಗೆ ಪರದೇಶದ ಒಂದು ವರ್ಷ ಬರೀ ಸಂತೋಷದಲ್ಲಿ ಕಳೆಯಿತು ಅಂದರೆ ಆಕೆ ನಂಬುತ್ತಾಳಾ? ಆಕೆಗೆ ದುಡಿಮೆ ಗೊತ್ತು, ದೂರ ಇರುವುದು ಗೊತ್ತು. ನಮ್ಮ ಕಡೆಯಿಂದ ಎಷ್ಟು ಮನೆಯವರು ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದಿಗೆ ಹೋಗುತ್ತಾರೆ! ಅವರಲ್ಲೂ ಎಷ್ಟೋ ಜನ ಅಪ್ಪ ಅವ್ವನ ಮಣ್ಣಿಗೆ ಬರಲಾಗದೆ ಉಳಿದಿದ್ದಾರೆ. ನೀವು ನಿಜ ಹೇಳಿದರೆ ಆ ಜನ ತಲೆ ತಗ್ಗಿಸುವುದಿಲ್ಲ. ತಮ್ಮ ದುಃಖವನ್ನೂ ಯಾರೋ ಹೇಳಿದರು ಅಂದುಕೊಳ್ಳುತ್ತಾರೆ.

ನಿಮ್ಮ ಬೀದರಕ್ಕೇ ಇದರ ಹಳೆಯ ನೆನಪು ಒಂದಿದೆ. 15ನೇ ಶತಮಾನದಲ್ಲಿ, 1470ರ ಆಸುಪಾಸಿನಲ್ಲಿ, ರಷ್ಯಾದ ತ್ವೇರ್ ಅನ್ನುವ ಊರಿನಿಂದ ಅಫನಾಸಿ ನಿಕಿತಿನ್ ಅನ್ನುವ ವ್ಯಾಪಾರಿ ಇಲ್ಲಿಗೆ ಬಂದಿದ್ದ. ಆಗ ಬೀದರ ಬಹಮನಿ ಸುಲ್ತಾನರ ರಾಜಧಾನಿ. ಮಾರಲು ಒಂದು ಕುದುರೆ ತಂದಿದ್ದ. ದಾರಿಯಲ್ಲಿ ದರೋಡೆಯಾಗಿ ಅವನ ಧರ್ಮದ ಪುಸ್ತಕಗಳು ಹೋಗಿದ್ದವು. ಹಾಗಾಗಿ ಇಲ್ಲಿ ಕೂತು ಈಸ್ಟರ್ ಯಾವ ದಿನ, ಕ್ರಿಸ್ಮಸ್ ಯಾವ ದಿನ ಅಂತ ಲೆಕ್ಕ ಸಿಗದೆ ಒದ್ದಾಡಿದ. ಸುತ್ತಲಿನ ಮುಸ್ಲಿಮರು ಉಪವಾಸ ಮಾಡುವಾಗ ತಾನೂ ಮಾಡಿದ. ಸಂತೆ, ಆನೆ, ಸುಲ್ತಾನರ ಮೆರವಣಿಗೆ ಬಗ್ಗೆ ಬರೆದ ಹಾಗೆಯೇ ಈ ಸಂಕಟವನ್ನೂ ಬರೆದಿಟ್ಟ. ಅವನು ಮಿಷನರಿ ಅಲ್ಲ, ಸಾಕ್ಷಿ ಹೇಳಲು ಯಾರೂ ಕೇಳಿರಲಿಲ್ಲ. ಆದರೂ ಬರೆದ. ಐದು ನೂರು ವರ್ಷ ಕಳೆದ ಮೇಲೂ ಆ ಬರಹವನ್ನು ನಾನು ನಂಬುವುದು ಆ ಒದ್ದಾಟ ಅದರಲ್ಲಿ ಇರುವುದಕ್ಕೇ.

ಈಗ ನಿಮ್ಮ ಮನೆಯವರ ವಿಷಯ. ಅವರು ಎರಡು ಪುಟ ಬರೆದುಕೊಟ್ಟಿದ್ದು ನಿಮ್ಮ ಬಾಯಿ ಮುಚ್ಚಿಸಲು ಅಂತ ನನಗೆ ಅನಿಸುವುದಿಲ್ಲ. ಅವರಿಗೂ ಭಯ ಇದೆ. ಇದ್ದ ನೌಕರಿ ಬಿಟ್ಟು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದವರು ಅವರು. ನೀವು ಅತ್ತದ್ದು ಅವರಿಗೆ ಗೊತ್ತಿಲ್ಲದೆ ಇರುತ್ತದಾ? ಅದನ್ನು ಬಾಯಿಬಿಟ್ಟು ಕೇಳಿದರೆ ತನ್ನದೇ ತಪ್ಪು ಅಂತ ಆಗುತ್ತದೆ ಅಂತ ಹೆದರಿದ್ದಾರೆ. ಆ ಭಾನುವಾರಕ್ಕೆ ಮೊದಲೇ ಅವರ ಜೊತೆ ಕೂತು ಮಾತನಾಡಿ. ಮನೆಯಲ್ಲಿ ಬೇಡ, ಅತ್ತೆ ಮಾವ, ಬಂದು ಹೋಗುವವರು ಇರುತ್ತಾರೆ. ಸಂಜೆ ಕೋಟೆ ಕಡೆ ನಡೆದು ಹೋಗಿ. ಮೊದಲು "ನಾನು ಬರಲ್ಲ" ಅನ್ನಬೇಡಿ. "ಅಪ್ಪ ಹೋದ ರಾತ್ರಿ ನೀವು ಏನು ಯೋಚಿಸುತ್ತಿದ್ದಿರಿ?" ಅಂತ ಕೇಳಿ. ಆ ಮೂರು ರಾತ್ರಿ ಅವರು ಎಲ್ಲಿ ಮಲಗಿದ್ದರು, ಏನು ಮಾಡಿದರು ಅಂತ ಪತ್ರದಲ್ಲಿ ಒಂದು ಮಾತೂ ಇಲ್ಲ. ಬಹುಶಃ ನಿಮಗೂ ಗೊತ್ತಿಲ್ಲ.

ಆಮೇಲೆ ಎರಡು ಪುಟ ವಾಪಸ್ ಕೊಡಿ. ಸಿಟ್ಟಿನಿಂದಲ್ಲ. "ನನ್ನ ಮಾತು ನಾನೇ ಹೇಳುತ್ತೇನೆ, ಹತ್ತು ನಿಮಿಷ ಸಾಕು" ಅನ್ನಿ. ಐದು ತಿಂಗಳ ಅಳುವಿಗೆ ಒಂದು ಸಾಲು ಇಡಿ. ನೀರಿಗೆ ಒಂದು ಸಾಲು. ಉಳಿದದ್ದೆಲ್ಲ ಆ ಚಾಪೆ ಮತ್ತು ಆ ಬಟ್ಟಲಿಗೆ. ಅವರ ಮಾನ ಹೋಗುವುದಿಲ್ಲ, ನೋಡಿ.

ಮಗಳ ಮಾತನ್ನು ಹಟ ಅಂದುಕೊಳ್ಳಬೇಡಿ. 12 ವರ್ಷದವಳಿಗೆ ಗೆಳತಿಯರನ್ನು ಬಿಟ್ಟು ಹೋಗುವುದು ದೊಡ್ಡ ನಷ್ಟ. ಅವಳನ್ನೂ ಯಾರೂ ಕೇಳಿರಲಿಲ್ಲ, ನಿಮ್ಮನ್ನು ಕೇಳದ ಹಾಗೆ. ಅವಳ ಶಾಲೆಯ ಲೆಕ್ಕವನ್ನೂ ನೋಡಬೇಕು. ತಾಂಜಾನಿಯಾದಲ್ಲಿ ಶಾಲೆ ವರ್ಷ ಜನವರಿಗೆ ಶುರುವಾಗುತ್ತದೆ, ನಮ್ಮಲ್ಲಿ ಬೇಸಿಗೆ ರಜೆ ಮುಗಿದ ಮೇಲೆ. ನಡುವಿನಲ್ಲಿ ಅಲ್ಲಿ ಇಲ್ಲಿ ಎಳೆದಾಡಿದರೆ ಅವಳಿಗೆ ಅರ್ಧ ವರ್ಷ ಹೋಗುತ್ತದೆ. ಅವಳನ್ನು ಅಜ್ಜಿ ಹತ್ತಿರ ಬಿಡುವುದೂ ಸುಲಭದ ಮಾತಲ್ಲ. ಹಿಂದೆ ಮಂಗಳೂರು, ಧಾರವಾಡ ಕಡೆ ಬಂದ ಬಾಸೆಲ್ ಮಿಷನ್‌ನವರು ಸಣ್ಣ ಮಕ್ಕಳನ್ನು ಓದಿಗೆ ಅಂತ ಯುರೋಪಿಗೆ ಕಳಿಸಿಬಿಡುತ್ತಿದ್ದರು. ವರ್ಷಗಟ್ಟಲೆ ಮುಖ ನೋಡುತ್ತಿರಲಿಲ್ಲ. ಅದು ನನಗೆ ಯಾವತ್ತೂ ಸರಿ ಅನಿಸಿಲ್ಲ. ನಾಲ್ಕು ಜನ ಎಲ್ಲಿದ್ದರೂ ಒಟ್ಟಿಗೆ ಇರಿ ಅನ್ನುವುದೇ ನನ್ನ ಮಾತು.

ಹೋಗಬೇಕಾ, ಬಿಡಬೇಕಾ ಅಂತ ಕೇಳಿದ್ದೀರಿ. ಇವತ್ತು ಉತ್ತರಿಸಬೇಡಿ. ಕಳಿಸಿದವರ ಹತ್ತಿರ ಹೋಗಿ ಮೂರು ನಾಲ್ಕು ತಿಂಗಳು ರಜೆ ಮುಂದುವರಿಸಲು ಕೇಳಿ. ತಂದೆ ಹೋಗಿದ್ದಾರೆ, ತಾಯಿ ಒಬ್ಬರೇ ಇದ್ದಾರೆ ಅಂತ ನೇರವಾಗಿ ಹೇಳಿ. ಮನೆಗೆ ಬಂದು ಕೆಲವು ಕಾಲ ನಿಂತರೆ ಕರೆಗೆ ಬೆನ್ನು ತೋರಿಸಿದ ಹಾಗಲ್ಲ. ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದವರು. 1877ರಲ್ಲಿ ಜರ್ಮನಿಗೆ ವಾಪಸ್ ಹೋದರು, 1883ರಲ್ಲಿ ಮತ್ತೆ ಬಂದರು. ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ. ನಡುವಿನ ಆ ಆರು ವರ್ಷಕ್ಕೆ ಅವರನ್ನು ಯಾರೂ ದೂರುವುದಿಲ್ಲ. ಆ ತಿಂಗಳುಗಳು ಮುಗಿದ ಮೇಲೂ ನಿಮಗೆ ಹೋಗುವ ಮನಸ್ಸಾಗದಿದ್ದರೆ ಹೋಗಬೇಡಿ. ಆಗ ಅದು ಯೋಚಿಸಿ ತೆಗೆದುಕೊಂಡ ತೀರ್ಮಾನ. ಇವತ್ತು ಹೇಳಿದರೆ ದುಃಖ ಆಡಿಸಿದ ಮಾತಾಗುತ್ತದೆ.

ಆದರೆ ಎಲ್ಲಕ್ಕಿಂತ ಮೊದಲು ಭಾಲ್ಕಿಗೆ ಹೋಗಿ. ಈ ಶನಿವಾರವೇ ಹೋಗಿ. ಬೀದರದಿಂದ ಅದೇನು ದೂರ? ತಮ್ಮನಿಗೆ ಹೇಳಿ, ಅವ್ವನನ್ನೂ ಕರೆದುಕೊಳ್ಳಿ. ಸಮಾಧಿ ಹತ್ತಿರ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತುಕೊಳ್ಳಿ. ಆ ದಿನ ಹಾಕಲಾಗದ ಹಿಡಿ ಮಣ್ಣನ್ನು ಈಗ ಹಾಕಿ. ಮಗಳು ಅತ್ತರೆ ಅಳಲಿ. ಮಗ ಸಣ್ಣವನು, ಅವನಿಗೆ ಏನು ತಿಳಿಯುತ್ತದೆ ಅಂತ ಮನೆಯಲ್ಲಿ ಬಿಟ್ಟು ಹೋಗಬೇಡಿ. ಆ ಮೂರು ರಾತ್ರಿ ಚಾಪೆಯ ಮೇಲೆ ಅವನೂ ಇದ್ದ. ನಿಮ್ಮ ಕೈ ಹಿಡಿದು "ಪೋಲೆ, ಅವ್ವ" ಅಂದರೆ ತಡೆಯಬೇಡಿ, ಅನ್ನಲಿ.