ಜಾಝ್ ಗಿಟಾರ್: ಮೊದಲ ಮೂರು ತಿಂಗಳಿಗೆ ಮೂರು ಸ್ವರ ಸಾಕು

ಪ್ರಶ್ನೆ: ನನಗೆ 43 ವರ್ಷ, ಬ್ಯಾಂಕಿನಲ್ಲಿ ಕೆಲಸ. ಕಾಲೇಜಿನಲ್ಲಿದ್ದಾಗ ಗಣಪತಿ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಆಮೇಲೆ ನೆಂಟರು ಸೇರಿದಾಗ ಹಳೆಯ ಸಿನಿಮಾ ಹಾಡು, ಅಷ್ಟೇ. ಬಾರ್ ಕಾರ್ಡ್‌ಗಳು (ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತಿ ಹಿಡಿಯುವ ಸ್ವರಗುಚ್ಛಗಳು) ಸಲೀಸು. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದರಿಂದ ರಾಗಗಳ ಪರಿಚಯವಿದೆ. ಈಗ ಜಾಝ್ ಕಲಿಯೋಣವೆಂದರೆ ಇಂಟರ್ನೆಟ್ಟಿನಲ್ಲಿರುವ ಸ್ಕೇಲುಗಳ (ಸ್ವರಶ್ರೇಣಿಗಳ) ಪಟ್ಟಿ ನೋಡಿಯೇ ತಲೆ ಕೆಟ್ಟಿದೆ. ಎಲ್ಲಿಂದ ಶುರು ಮಾಡಲಿ? ವಯಸ್ಸು ಮೀರಿತೇ? ಹೊಸ ಗಿಟಾರ್ ಕೊಳ್ಳಬೇಕೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸ್ಕೇಲುಗಳ ಪಟ್ಟಿಯನ್ನು ಸದ್ಯಕ್ಕೆ ಮಡಚಿಡಿ. ವರ್ಷಗಟ್ಟಲೆ ಹಾಡಿಗೆ ನುಡಿಸಿದವರು ಜಾಝ್‌ಗೆ ಬಂದಾಗ ಎಡವುವುದು ಸ್ಕೇಲ್ ಗೊತ್ತಿಲ್ಲದ್ದಕ್ಕಲ್ಲ, ಆರೂ ತಂತಿಗಳನ್ನು ಒಟ್ಟಿಗೆ ಬಾರಿಸುವ ಅಭ್ಯಾಸ ಬಿಡಲಾರದ್ದಕ್ಕೆ. ಬಾರ್ ಕಾರ್ಡ್‌ನಲ್ಲಿ ಒಂದೇ ಸ್ವರ ಎರಡು ಮೂರು ಸಲ ಬರುತ್ತದೆ. ಪೆಂಡಾಲಿನಲ್ಲಿ ಆ ತುಂಬು ಸದ್ದು ಬೇಕಿತ್ತು. ಜಾಝ್ ತಂಡದಲ್ಲಿ ಕೆಳಗಿನ ಸ್ವರಗಳನ್ನು ಬೇಸ್ ನೋಡಿಕೊಳ್ಳುತ್ತದೆ, ಪಕ್ಕದಲ್ಲಿ ಪಿಯಾನೊ ಇರುತ್ತದೆ. ಅಲ್ಲಿ ನಿಮ್ಮ ಆರು ತಂತಿ ಎಲ್ಲರ ಕಾಲಿಗೂ ತೊಡರುತ್ತದೆ. ಅಮೆರಿಕದ ಹೆಸರಾಂತ ಜಾಝ್ ತಂಡ ಕೌಂಟ್ ಬೇಸಿ ಆರ್ಕೆಸ್ಟ್ರಾದಲ್ಲಿ 1937ರಿಂದ 1987ರಲ್ಲಿ ತೀರಿಕೊಳ್ಳುವವರೆಗೆ ರಿದಂ ಗಿಟಾರ್ ನುಡಿಸಿದ ಫ್ರೆಡ್ಡಿ ಗ್ರೀನ್ ಸೋಲೊ (ಒಬ್ಬರೇ ಮುಂದಾಗಿ ನುಡಿಸುವ ಭಾಗ) ತೆಗೆದುಕೊಂಡದ್ದೇ ಅಪರೂಪ. ಅವರ ಕಾರ್ಡ್‌ಗಳಲ್ಲಿ ಸ್ಪಷ್ಟವಾಗಿ ಕೇಳಿಸುವುದು ಎರಡೋ ಮೂರೋ ಸ್ವರ, ಕೆಲವೊಮ್ಮೆ ಒಂದೇ.

ಹಾಗಾಗಿ ಮೂರು ಸ್ವರದ ಕಾರ್ಡ್‌ಗಳಿಂದ ಶುರು ಮಾಡಿ: ರೂಟ್ (ಕಾರ್ಡ್‌ನ ಹೆಸರಿನ ಸ್ವರ), ಅದರಿಂದ ಎಣಿಸಿದರೆ ಮೂರನೆಯದಾದ ಥರ್ಡ್, ಏಳನೆಯದಾದ ಸೆವೆಂತ್. ಜಾಝ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುವ ಸರಣಿ ಡಿ ಮೈನರ್ 7, ಜಿ 7, ಸಿ ಮೇಜರ್ 7. ತಂತಿಗಳನ್ನು ತೆಳುವಾದದ್ದರಿಂದ ಎಣಿಸಿ; ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ. ಡಿ ಮೈನರ್ 7ಕ್ಕೆ ಐದನೇ ತಂತಿಯ 5ನೇ ಫ್ರೆಟ್, ನಾಲ್ಕನೇ ತಂತಿಯ 3, ಮೂರನೇ ತಂತಿಯ 5. ಜಿ 7ಕ್ಕೆ ಆರನೇ ತಂತಿಯ 3, ನಾಲ್ಕನೆಯದರ 3, ಮೂರನೆಯದರ 4. ಸಿ ಮೇಜರ್ 7ಕ್ಕೆ ಐದನೇ ತಂತಿಯ 3, ನಾಲ್ಕನೆಯದರ 2, ಮೂರನೆಯದರ 4. ಉಳಿದ ತಂತಿಗಳು ಬೆರಳಿನ ಹೊಟ್ಟೆಗೆ ತಾಗಿ ಸುಮ್ಮನಿರಲಿ.

ಈಗ ನಾಲ್ಕನೇ ಮತ್ತು ಮೂರನೇ ತಂತಿಯನ್ನಷ್ಟೇ ಮೀಟುತ್ತಾ ಮೂರೂ ಕಾರ್ಡ್ ದಾಟಿ. ಸಿ ನಿಮ್ಮ ಷಡ್ಜ ಅಂದುಕೊಂಡರೆ ನಾಲ್ಕನೇ ತಂತಿ 'ಮ, ಮ, ಗ' ಎನ್ನುತ್ತದೆ, ಮೂರನೇ ತಂತಿ 'ಸ, ನಿ, ನಿ' ಎನ್ನುತ್ತದೆ. ಪ್ರತಿ ಸಲವೂ ಒಂದು ಸ್ವರ ನಿಲ್ಲುತ್ತದೆ, ಇನ್ನೊಂದು ಒಂದೇ ಫ್ರೆಟ್ ಇಳಿಯುತ್ತದೆ. ಇಡೀ ಸರಣಿಯ ಎಳೆತ, ಬಿಡುಗಡೆ ಎಲ್ಲ ಆ ಎರಡು ಇಳಿತಗಳಲ್ಲಿದೆ. ಅದನ್ನು ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ. ಮುಂದೆ ಸೋಲೊ ಕಟ್ಟುವಾಗಲೂ ಕಾರ್ಡ್ ಬದಲಾಗುವ ಗಳಿಗೆಯಲ್ಲಿ ಈ ಸ್ವರಗಳ ಮೇಲೆ ಬಂದು ನಿಂತರೆ, ಹಿಂದೆ ಯಾರೂ ಕಾರ್ಡ್ ಹಿಡಿಯದಿದ್ದರೂ ಕೇಳುವವರಿಗೆ ದಾರಿ ಗೊತ್ತಾಗುತ್ತದೆ.

ನಿಮ್ಮ ರಾಗಜ್ಞಾನ ದಂಡವಾಗುವುದಿಲ್ಲ. ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ, ಪಂಚಮವನ್ನು ಮಾಡಿಕೊಂಡರೆ ಹರಿಕಾಂಭೋಜಿ. ಹೀಗೆ ಷಡ್ಜ ಬದಲಿಸುವ ಗ್ರಹಭೇದ ನೀವು ಕೇಳಿಯೇ ಇರುತ್ತೀರಿ. ಮೇಲಿನ ಮೂರು ಕಾರ್ಡ್‌ಗೆ ಪುಸ್ತಕಗಳು ಹೇಳುವ ಡೋರಿಯನ್, ಮಿಕ್ಸೊಲಿಡಿಯನ್, ಅಯೋನಿಯನ್ ಎಂಬ ಮೂರು ಸ್ಕೇಲ್ ಇವೇ: ಕ್ರಮವಾಗಿ ಖರಹರಪ್ರಿಯ, ಹರಿಕಾಂಭೋಜಿ, ಶಂಕರಾಭರಣದ ಸ್ವರಗಳು. ಅಂದರೆ ಇರುವುದು ಅದೇ ಏಳು ಸ್ವರ. ಮೂರು ಪಟ್ಟಿ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಆದರೆ ಹುಷಾರು. ತಂಬೂರಿ ಮುಂದೆ ಕೂತವರಿಗೆ ಆಧಾರ ಷಡ್ಜ ಕದಲುವುದಿಲ್ಲ. ಇಲ್ಲಿ ಎರಡು ಬಾರ್‌ಗೊಮ್ಮೆ (ಇಲ್ಲಿ ಬಾರ್ ಎಂದರೆ ತಾಳದ ಒಂದು ಸುತ್ತು), ಕೆಲವು ಕಡೆ ಎರಡು ಪೆಟ್ಟಿಗೊಮ್ಮೆ ನೆಲವೇ ಸರಿಯುತ್ತದೆ. ಡಿ ಮೈನರ್ 7ರಲ್ಲಿ ಹಾಯಾಗಿ ಕೂತ ಸಿ ಸ್ವರವನ್ನು ಜಿ 7ರ ಮೇಲೂ ಎಳೆದರೆ ಕಾರ್ಡ್‌ನ ಬಿ ಜೊತೆ ಒರಸುತ್ತದೆ. ಕರ್ನಾಟಕ ಸಂಗೀತದ ಕಿವಿಯಿರುವವರಿಗೆ ಹೊಸದಾಗಿ ಒಗ್ಗಬೇಕಾದದ್ದು ಇದೊಂದೇ ಎಂದು ನನ್ನ ಅನಿಸಿಕೆ.

ಇನ್ನು ಲಯ. ಲಯಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 50ಕ್ಕೆ ಇಟ್ಟು ಅದರ ಟಿಕ್‌ಗಳನ್ನು ಎರಡನೇ ಮತ್ತು ನಾಲ್ಕನೇ ಪೆಟ್ಟು ಎಂದು ಎಣಿಸಿ; ಒಂದು, ಮೂರನ್ನು ನೀವೇ ತುಂಬಬೇಕು. ಆಗ ಹಾಡಿನ ವೇಗ 100 ಆಗುತ್ತದೆ. ಮೊದಲ ವಾರ ಟಿಕ್ ತಾನಾಗಿ ಒಂದಕ್ಕೆ ಜಾರಿಕೊಳ್ಳುತ್ತದೆ, ಬೇಸರ ಬೇಡ. ಸ್ವಿಂಗ್ ಎಂಬ ಜಾಝ್‌ನ ತೂಗುಲಯಕ್ಕೆ ತಿಶ್ರ ನಡೆ ನೆನೆಸಿಕೊಳ್ಳಿ: 'ತಕಿಟ'ದಲ್ಲಿ 'ತ' ಮತ್ತು 'ಟ' ನುಡಿಸಿ 'ಕಿ' ನುಂಗಿ. ಮಧ್ಯಮ ವೇಗದಲ್ಲಿ ಹೆಚ್ಚುಕಡಿಮೆ ಅದೇ ತೂಗು. ವೇಗ ಹೆಚ್ಚಿದಂತೆ ಎರಡೂ ಸಮವಾಗುತ್ತಾ ಹೋಗುತ್ತವೆ. ಅದನ್ನು ಲೆಕ್ಕದಿಂದ ಹಿಡಿಯಲಾಗದು, ರೆಕಾರ್ಡಿಂಗ್ ಕೇಳಿಯೇ ಹಿಡಿಯಬೇಕು.

ಕೇಳುವುದು ಎಂದರೆ ಹಿನ್ನೆಲೆಯಲ್ಲಿ ಹಾಕಿಕೊಂಡು ಫೈಲ್ ನೋಡುವುದಲ್ಲ. ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್‌ಗಮರಿ ಇಪ್ಪತ್ತರ ಆಸುಪಾಸಿನಲ್ಲಿ ಗಿಟಾರನ್ನು ಗಂಭೀರವಾಗಿ ಹಿಡಿದು, ತಮಗಿಂತ ಹಿರಿಯ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್‌ರ ಸೋಲೊಗಳನ್ನು ಡಿಸ್ಕ್ ಕೇಳಿಯೇ ಕಲಿತರು, ನೊಟೇಶನ್ ಓದಲು ಬರುತ್ತಿರಲಿಲ್ಲ. ಹಗಲು ಕಾರ್ಖಾನೆ ಕೆಲಸ, ರಾತ್ರಿ ಕ್ಲಬ್ಬಿನಲ್ಲಿ ನುಡಿಸಾಟ. ಅವರಿಗೆ 43 ಆಗಿರಲಿಲ್ಲ ಎನ್ನುತ್ತೀರಿ, ನಿಜ. ಆದರೆ ನಿಮ್ಮ ಬೆರಳು ಆಗಲೇ ಪಳಗಿದೆ, ಕೊರತೆಯಿರುವುದು ಸಮಯಕ್ಕೆ. ದಿನಕ್ಕೆ ಅರ್ಧ ಗಂಟೆ, ಒಂದೇ ಟ್ಯೂನು, ಮೂರು ತಿಂಗಳು. ವಾರಕ್ಕೊಂದು ಟ್ಯೂನ್ ಹಾರುವವರು ವರ್ಷದ ಕೊನೆಗೆ ಒಂದನ್ನೂ ಪೂರ್ತಿ ನುಡಿಸುವುದಿಲ್ಲ. ಸಿನಿಮಾ ಹಾಡುಗಳನ್ನೂ ಬಿಡಬೇಡಿ. ನಮ್ಮೂರಿನವರೇ ಆದ ರಾಜನ್–ನಾಗೇಂದ್ರರ ನಿಮಗಿಷ್ಟದ ಒಂದು ಹಾಡನ್ನು ಈ ಮೂರು ಸ್ವರದ ಕಾರ್ಡ್‌ಗಳಲ್ಲಿ ಕೂರಿಸಿ ನೋಡಿ.

ಗಿಟಾರ್ ಕೊಳ್ಳಬೇಡಿ. ಇರುವುದು ಎಲೆಕ್ಟ್ರಿಕ್ ಆದರೆ ನೆಕ್ (ಕತ್ತು) ಕಡೆಯ ಪಿಕಪ್, ಅಂದರೆ ತಂತಿಯ ಸದ್ದು ಹಿಡಿಯುವ ಭಾಗ, ಹಾಕಿ ಟೋನ್ ಸ್ವಲ್ಪ ಇಳಿಸಿ. ಅಕೂಸ್ಟಿಕ್ ಆದರೆ ತಂತಿಗಳು ಫ್ರೆಟ್‌ನಿಂದ ತೀರಾ ಮೇಲಿದ್ದರೆ ಅಂಗಡಿಯಲ್ಲಿ ಕೊಟ್ಟು ಇಳಿಸಿಕೊಳ್ಳಿ. ಮೇಲೆ ಹೇಳಿದ ಗ್ರೀನ್ ಆಂಪ್ಲಿಫೈಯರ್ ಇಲ್ಲದ ಗಿಟಾರಿನಲ್ಲೇ ಬಾಳು ಕಳೆದವರು.

ಪ್ರಶ್ನೆ: ಮಂಡ್ಯದಲ್ಲಿ ಜೊತೆಗೆ ಜಾಝ್ ನುಡಿಸುವವರು ನನಗೆ ಯಾರೂ ಸಿಕ್ಕಿಲ್ಲ. ಒಬ್ಬಳೇ ಕಲಿಯಬಹುದೇ?
– ಓದುಗರು, ಮಂಡ್ಯ

ಉತ್ತರ: ಅರ್ಧ ದಾರಿ ಹೋಗಬಹುದು. ಮೊಬೈಲಿನಲ್ಲಿ ನೀವೇ ಐದು ನಿಮಿಷ ಕಾರ್ಡ್ ರೆಕಾರ್ಡ್ ಮಾಡಿ ಅದರ ಮೇಲೆ ನುಡಿಸಿ. ಸಿದ್ಧ ಬ್ಯಾಕಿಂಗ್ ಟ್ರ್ಯಾಕ್‌ಗಿಂತ ಇದು ಒಳ್ಳೆಯದು, ನಿಮ್ಮ ಲಯ ಎಲ್ಲಿ ಓಡುತ್ತದೆ ಎಂದು ಮುಖಕ್ಕೆ ಹೊಡೆದಂತೆ ಕೇಳಿಸುತ್ತದೆ. ಜೊತೆಗಾರರು ಜಾಝ್‌ನವರೇ ಆಗಬೇಕಿಲ್ಲ. ಆರ್ಕೆಸ್ಟ್ರಾದ ಬೇಸ್ ಗಿಟಾರಿನವರೋ ಮೃದಂಗ ಕಲಿತ ಗೆಳತಿಯೋ ಸಿಕ್ಕರೆ 12 ಬಾರ್ ಬ್ಲೂಸ್ ಶುರು ಮಾಡಿ. ನಾಲ್ಕು ನಾಲ್ಕು ಬಾರ್‌ಗಳ ಮೂರು ಸಾಲು, ಒಂದು ಸಂಜೆಯಲ್ಲಿ ಯಾರಿಗಾದರೂ ಹೇಳಿಕೊಡಬಹುದು. ತಿಂಗಳಿಗೊಮ್ಮೆ ರೈಲು ಹತ್ತಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಬ್ಬ ಶಿಕ್ಷಕರ ಎದುರು ಕೂತು ಬನ್ನಿ. ವಿಡಿಯೊ ಪಾಠ ಎಡಗೈಗೆ ಸಾಕು. ಬಲಗೈಯ ಬಿಗಿತ ಕಂಡುಹಿಡಿಯಲು ಎದುರಿಗೊಬ್ಬರು ಬೇಕು.